ಜೋಡಿ ಅಕ್ಷರ, ಮೂಕ ಅಕ್ಷರ: ಇಂಗ್ಲಿಷ್ ಸ್ಪೆಲ್ಲಿಂಗ್ ನಮ್ಮ ಉಚ್ಚಾರಣೆಗೆ ಏನು ಮಾಡುತ್ತದೆ?

ಪೆಪ್ಪರ್, ರಬ್ಬರ್, ಸಮ್ಮರ್, ಡಿನ್ನರ್. ಈ ನಾಲ್ಕನ್ನು ಗಟ್ಟಿಯಾಗಿ ಹೇಳಿ. ಆಮೇಲೆ ಕಾಫಿ, ಲಾರಿ, ಬಾಟಲಿ, ಕಾಲೇಜು, ಆಫೀಸು ಎನ್ನಿ. ಎರಡೂ ಗುಂಪಿನ ಪದಗಳಿಗೆ ಇಂಗ್ಲಿಷಿನಲ್ಲಿ ಜೋಡಿ ಅಕ್ಷರವಿದೆ: ಪೆಪ್ಪರಿಗೆ ಎರಡು ಪಿ, ಕಾಫಿಗೆ ಎರಡು ಎಫ್, ಲಾರಿಗೆ ಎರಡು ಆರ್, ಬಾಟಲಿಗೆ ಎರಡು ಟಿ. ಆದರೂ ಮೊದಲ ಗುಂಪಿನಲ್ಲಿ ನಾವು ಒತ್ತಕ್ಷರ ಹಾಕುತ್ತೇವೆ, ಎರಡನೆಯದರಲ್ಲಿ ಹಾಕುವುದಿಲ್ಲ. ಇಂಗ್ಲಿಷ್ ಮಾತಿನಲ್ಲಿ ಎರಡೂ ಕಡೆ ಕೇಳುವುದು ಒಂಟಿ ವ್ಯಂಜನವೇ.

ಇದಕ್ಕೆ ಕಾರಣ ಎರಡು, ಅವನ್ನು ಬೇರೆ ಮಾಡಿ ನೋಡಬೇಕು. ಒಂದು ಕನ್ನಡದ್ದೇ ಜಾಯಮಾನ. ಹ್ರಸ್ವದ ಮುಂದೆ ನಮ್ಮ ನಾಲಿಗೆ ವ್ಯಂಜನವನ್ನು ಇಮ್ಮಡಿಸಲು ಹೇಸುವುದಿಲ್ಲ, ದೀರ್ಘದ ಮುಂದೆ ಹಿಂಜರಿಯುತ್ತದೆ. ಕಣ್ಣು, ಹಲ್ಲು ಒಂದು ಕಡೆ. ಕಾಲು, ಮೂಗು ಇನ್ನೊಂದು ಕಡೆ. ಎರವಲು ಪದಗಳೂ ಇದೇ ದಾರಿ ಹಿಡಿದಿವೆ: ಪೆನ್ನು, ಬಸ್ಸು, ಕಪ್ಪು ಒತ್ತು ಪಡೆದವು, ಕಾರು, ರೋಡು, ಬೈಕು ಪಡೆಯಲಿಲ್ಲ. ಬಸ್ಸಿಗೆ ಇಂಗ್ಲಿಷಿನಲ್ಲಿ ಇರುವುದು ಕೊನೆಗೆ ಒಂದೇ ಎಸ್. ಹಾಗಾಗಿ ‘ಬಸ್ಸು’ ಎನ್ನುವುದರಲ್ಲಿ ಸ್ಪೆಲ್ಲಿಂಗಿನ ತಪ್ಪೇನೂ ಇಲ್ಲ, ಅದು ಅಪ್ಪಟ ಕನ್ನಡ. ಕಾಫಿ, ಲಾರಿ, ಬಾಟಲಿಗಳಲ್ಲಿ ಮೊದಲ ಸ್ವರ ನಮ್ಮ ಬಾಯಲ್ಲಿ ‘ಆ’ ಆದ್ದರಿಂದ ಜೋಡಿ ಅಕ್ಷರದ ಆಟ ನಡೆಯಲಿಲ್ಲ.

ಎರಡನೆಯ ಕಾರಣ ಕಣ್ಣು. ಲೆಮನ್, ಮೆಟಲ್, ಸಿಟಿ ಪದಗಳಲ್ಲೂ ಮೊದಲ ಸ್ವರ ಹ್ರಸ್ವವೇ. ಆದರೆ ಲೆಮ್ಮನ್, ಮೆಟ್ಟಲ್, ಸಿಟ್ಟಿ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಬರೆದಿರುವುದು ಒಂಟಿ ಅಕ್ಷರ. ಸಮ್ಮರ್, ಕೆಟ್ಟಲ್, ಬಿಟ್ಟರ್ ಎನ್ನುವಾಗ ಮಾತ್ರ ಒತ್ತು ಬರುತ್ತದೆ. ಅಂದರೆ ನಾಲಿಗೆ ಒಂಟಿ ವ್ಯಂಜನ ಹೇಳಲಾರದೆ ಹೀಗೆ ಮಾಡುತ್ತಿಲ್ಲ. ಕಣ್ಣು ಇಂಗ್ಲಿಷನ್ನು ಕನ್ನಡದ ನಿಯಮದಲ್ಲಿ ಓದುತ್ತಿದೆ. (‘ಸ್ಪೆಲ್ಲಿಂಗ್’ ಎಂಬ ಪದವೇ ಇದಕ್ಕೆ ಸಾಕ್ಷಿ. ಈ ಟಿಪ್ಪಣಿಯಲ್ಲಿ ಅದನ್ನು ರೂಢಿಯಂತೆ ಒತ್ತು ಹಾಕಿಯೇ ಬರೆದಿದೆ.)

ಕನ್ನಡದಲ್ಲಿ ಆ ನಿಯಮ ಬಹಳ ಗಟ್ಟಿ. ಕತೆ ಬೇರೆ, ಕತ್ತೆ ಬೇರೆ. ಎರಡು ಬರೆದಿದ್ದರೆ ಎರಡು ಹೇಳಲೇಬೇಕು. ಇಟಾಲಿಯನ್ ಭಾಷೆಯೂ ಹೀಗೆಯೇ. ಭಾಷಾವಿಜ್ಞಾನಿ ಬೆನೆಡೆಟ್ಟಾ ಬಸ್ಸೆಟ್ಟಿ ಇಟಾಲಿಯನ್ನರ ಇಂಗ್ಲಿಷನ್ನು ಅಳೆದು ನೋಡಿದಾಗ, ಸ್ಪೆಲ್ಲಿಂಗಿನಲ್ಲಿ ಜೋಡಿ ಅಕ್ಷರ ಇರುವ ಕಡೆ ಅವರು ವ್ಯಂಜನವನ್ನು ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಕಂಡುಬಂತು. ಬರಹಕ್ಕೂ ಉಚ್ಚಾರಕ್ಕೂ ನೇರ ನಂಟಿರುವ ಭಾಷೆಯಿಂದ ಬಂದವರಿಗೆ ಈ ತೊಡಕು ಸಹಜ.

ಹಾಗಾದರೆ ಇಂಗ್ಲಿಷಿನಲ್ಲಿ ಜೋಡಿ ಅಕ್ಷರ ಯಾಕಿದೆ? ಅದು ಬಹುತೇಕ ತನ್ನ ಬಗ್ಗೆ ಹೇಳುತ್ತಿಲ್ಲ, ತನ್ನ ಹಿಂದಿನ ಸ್ವರದ ಬಗ್ಗೆ ಹೇಳುತ್ತಿದೆ: ‘ಆ ಸ್ವರವನ್ನು ಮೊಟಕಾಗಿ ಹೇಳು’ ಎಂದು. ಒಂದು ಎನ್ ಇದ್ದರೆ ಡೈನರ್, ಎರಡಿದ್ದರೆ ಡಿನರ್. ಒಂದು ಪಿ ಇದ್ದರೆ ಸೂಪರ್, ಎರಡಿದ್ದರೆ ಸಪರ್. ಒಂದು ಟಿ ಇದ್ದರೆ ಲೇಟರ್, ಎರಡಿದ್ದರೆ ಲ್ಯಾಟರ್. ಹೋಪಿಂಗ್ ಮತ್ತು ಹಾಪಿಂಗ್ ಕೂಡ ಹೀಗೆಯೇ. ವ್ಯಂಜನ ನಿಜಕ್ಕೂ ಉದ್ದವಾಗುವುದು ಎರಡು ತುಂಡುಗಳು ಸೇರಿದ ಕಡೆ ಮಾತ್ರ: ಮಿಡ್‌ಡೇ, ಬುಕ್‌ಕೇಸ್, ಅನ್‌ನೇಮ್ಡ್.

ಅಭ್ಯಾಸ ಹೀಗೆ ಮಾಡಿ. ‘ತುಪ್ಪ’ ಎನ್ನುವಾಗ ತುಟಿಗಳು ಮುಚ್ಚಿ ಒಂದು ಕ್ಷಣ ನಿಲ್ಲುತ್ತವೆ. ‘ಕಪಿ’ ಎನ್ನುವಾಗ ತಾಗಿ ಬಿಡುತ್ತವೆ, ಅಷ್ಟೆ. ಮೆಣಸಿನ ಇಂಗ್ಲಿಷ್ ಹೆಸರಿಗೆ ಬೇಕಾದದ್ದು ‘ಕಪಿ’ಯ ಪಕಾರ. ಕಪಿ–ಪೆಪರ್, ಕಪಿ–ಪೆಪರ್ ಎಂದು ಬೆನ್ನುಬೆನ್ನಿಗೆ ಹೇಳಿ. ಮೊದಮೊದಲು ಪಕಾರ ಮೊಟಕಾದ ಕೂಡಲೇ ಸ್ವರ ಹಿಗ್ಗಿ ‘ಪೇಪರ್’ ಆಗಿಬಿಡುವ ಅಪಾಯವಿದೆ. ಒತ್ತು ಬಿಟ್ಟರೂ ಎಕಾರ ಹ್ರಸ್ವವಾಗಿಯೇ ಉಳಿಯಬೇಕು.

ಅಕ್ಷರ ನಿಂತಿತು, ಮಾತು ಹರಿಯಿತು

ಇಂಗ್ಲಿಷಿಗೆ ಅಕ್ಷರ 26. ಬ್ರಿಟಿಷ್ ಉಚ್ಚಾರದಲ್ಲಿ ಧ್ವನಿಗಳು ಸುಮಾರು 44. ಕೊರತೆ ಇಲ್ಲೇ ಶುರು. ಅದರ ಮೇಲೆ, ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಸ್ಪೆಲ್ಲಿಂಗ್ ಮೆಲ್ಲಗೆ ಗಟ್ಟಿಯಾಗತೊಡಗಿತು. ಅದೇ ಕಾಲದಲ್ಲಿ ದೀರ್ಘಸ್ವರಗಳ ಉಚ್ಚಾರ ಒಂದಾದ ಮೇಲೊಂದು ಜಾಗ ಬದಲಿಸುತ್ತಿತ್ತು. ನೈಫ್ (ಚಾಕು), ನೋ (ತಿಳಿ) ಪದಗಳ ಮೊದಲ ಕೆ ಒಂದು ಕಾಲಕ್ಕೆ ನಿಜವಾಗಿಯೂ ಉಚ್ಚರಿಸುತ್ತಿದ್ದ ಅಕ್ಷರ. ಆದರೆ ‘ಡೆಟ್’ ಪದದ ಬಿ ಕತೆ ಬೇರೆ: ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ಅದನ್ನು ಇಂಗ್ಲಿಷರು ಎಂದೂ ಉಚ್ಚರಿಸಿದವರಲ್ಲ. ‘ಡೌಟ್’ನ ಬಿ, ‘ರಿಸೀಟ್’ನ ಪಿ ಇದೇ ಜಾತಿಯವು.

ಮೂಕ ಅಕ್ಷರಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಎಂ ಮುಂದಿನ ಬಿ. ನಲ್ಲಿ ರಿಪೇರಿ ಮಾಡುವವರು ಊರಿಗೆಲ್ಲ ‘ಪ್ಲಂಬರ್’. ಇಂಗ್ಲಿಷಿನಲ್ಲಿ ಅದು ಪ್ಲಮರ್. ನಿಯಮ ಸರಳ: ಮೂಲ ಪದ ಎಂ-ಬಿ ಎಂದು ಮುಗಿದರೆ ಬಿ ಮೂಕ, ಆಮೇಲೆ ಪ್ರತ್ಯಯ ಸೇರಿದರೂ ಮೂಕವೇ. ಕ್ಲೈಮ್ (ಏರು)–ಕ್ಲೈಮರ್, ಬಾಮ್–ಬಾಮಿಂಗ್. ಆದರೆ ನಂಬರ್, ಟಿಂಬರ್ ಪದಗಳಲ್ಲಿ ಬಿ ನಡುವೆಯೇ ಹುಟ್ಟಿದ್ದು, ಕೊನೆಗೆ ‘ಅರ್’ ಅಂಟಿಸಿದ್ದಲ್ಲ, ಹಾಗಾಗಿ ಉಚ್ಚರಿಸಬೇಕು. ಸಾಮನ್ ಮೀನಿನ ಎಲ್, ಕಬರ್ಡ್‌ನ ಪಿ, ವೆನ್ಸ್‌ಡೇಯ ಮೊದಲ ಡಿ ಇಂಥವನ್ನು ಒಂದೊಂದಾಗಿ ನೆನಪಿಡದೆ ಗತಿಯಿಲ್ಲ. ‘ಆಫನ್’ ಪದದ ಟಿಯನ್ನು ಇಂಗ್ಲೆಂಡಿನಲ್ಲೇ ಹಲವರು ಸ್ಪೆಲ್ಲಿಂಗ್ ನೋಡಿ ಈಗ ಉಚ್ಚರಿಸುತ್ತಾರೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕ್ರಿಯಾಪದದ ಕೊನೆಯ ಇ-ಡಿ

ಇದು ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ಇಲ್ಲಿ ತಪ್ಪಿದರೆ ಭೂತಕಾಲವೇ ಕೇಳುವವರಿಗೆ ತಲುಪುವುದಿಲ್ಲ. ಕಣ್ಣಿಗೆ ಒಂದೇ ‘ಎಡ್’ ಕಂಡರೂ ಉಚ್ಚಾರ ಮೂರು. ಇದಕ್ಕೆ ಹೊಸ ಸಿದ್ಧಾಂತವೇನೂ ಬೇಡ, ನಮ್ಮ ವರ್ಣಮಾಲೆ ಸಾಕು. ವರ್ಗೀಯ ವ್ಯಂಜನಗಳಲ್ಲಿ ಮೊದಲೆರಡು ಅಘೋಷ, ಉಳಿದ ಮೂರು ಘೋಷ. ಕ್ರಿಯಾಪದ ಕ್, ಪ್, ಚ್, ಸ್, ಷ್, ಫ್ ಎಂಬ ಅಘೋಷ ಧ್ವನಿಯಲ್ಲಿ ಮುಗಿದರೆ ‘ಟ್’ ಸೇರುತ್ತದೆ. ಗ್, ಬ್, ನ್, ಲ್, ವ್ ಮುಂತಾದ ಘೋಷ ಧ್ವನಿಯಲ್ಲೋ ಸ್ವರದಲ್ಲೋ ಮುಗಿದರೆ ‘ಡ್’. ಮೊದಲೇ ಟ್ ಅಥವಾ ಡ್ ಇದ್ದರೆ ಮಾತ್ರ ‘ಇಡ್’ ಎಂದು ಒಂದು ಸಿಲಬಲ್ (ಒಂದು ಸ್ವರದ ಸುತ್ತ ಕಟ್ಟಿಕೊಂಡ ಪದದ ತುಂಡು) ಹೆಚ್ಚಾಗುತ್ತದೆ. ಅನುಮಾನ ಬಂದರೆ ಗಂಟಲ ಮೇಲೆ ಬೆರಳಿಟ್ಟು ನೋಡಿ: ಕಂಪನ ಇದ್ದರೆ ಘೋಷ.

ನಮ್ಮ ಕೊಡಗಿನ ಕಾಫಿ ಕೆಲಸದ ಕ್ರಿಯಾಪದಗಳಲ್ಲೇ ಮೂರೂ ಸಿಗುತ್ತವೆ. ಹಣ್ಣು ಕುಯ್ದದ್ದು ಪಿಕ್ಟ್, ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿದ್ದು ಪಲ್ಪ್ಟ್, ಹುಳಿ ಬರಿಸಿದ್ದು ಫರ್ಮೆಂಟಿಡ್, ತೊಳೆದದ್ದು ವಾಷ್ಟ್, ಕಣದಲ್ಲಿ ಒಣಗಿಸಿದ್ದು ಡ್ರೈಡ್, ಹೊಟ್ಟು ಬಿಡಿಸಿದ್ದು ಹಲ್ಡ್, ಗಾತ್ರ ನೋಡಿ ವಿಂಗಡಿಸಿದ್ದು ಗ್ರೇಡಿಡ್, ಹುರಿದದ್ದು ರೋಸ್ಟಿಡ್. ಇದೇ ಕ್ರಮದಲ್ಲಿ ಹೇಳುತ್ತಾ ಹೋದರೆ ಅಂಗಳದ ಕೆಲಸವೂ ನೆನಪಿರುತ್ತದೆ, ಧ್ವನಿಯೂ.

ತಪ್ಪು ಎರಡು ಬಗೆ. ‘ಪಿಕೆಡ್’ ಎಂದರೆ ಸಿಲಬಲ್ ಹೆಚ್ಚಾಗಿ, ಕೇಳುವವರಿಗೆ ‘ಪಿಕೆಟ್’ ಎಂಬ ಬೇರೆಯೇ ಪದ ಕೇಳಬಹುದು. ಇದನ್ನು ತಿದ್ದಲು ಹೋದವರು ಕ್ಟ್, ಪ್ಟ್ ಒಟ್ಟಿಗೆ ಹೇಳಲಾಗದೆ ಕೊನೆಯದನ್ನು ನುಂಗಿ ಬರೀ ‘ಪಿಕ್’ ಎನ್ನುತ್ತಾರೆ. ಆಗ ಭೂತಕಾಲ ಹೋಯಿತು. ಉಪಾಯ: ಮೊದಲು ಸ್ವರದಿಂದ ಶುರುವಾಗುವ ಪದದ ಜತೆ ಸೇರಿಸಿ ಹೇಳಿ. ಪಿಕ್ಟ್ ಇಟ್ ಎನ್ನುವುದು ಪಿಕ್–ಟಿಟ್ ಆಗುತ್ತದೆ, ವಾಷ್ಟ್ ಇಟ್ ಎನ್ನುವುದು ವಾಷ್–ಟಿಟ್. ನಾಲಿಗೆ ಪಳಗಿದ ಮೇಲೆ ‘ಇಟ್’ ತೆಗೆದುಬಿಡಿ. ಅಪವಾದಗಳು ಕೆಲವೇ: ನೇಕಿಡ್, ವಿಕಿಡ್, ವಿಶೇಷಣವಾದಾಗ ಲರ್ನಿಡ್.

ಬಹುವಚನದ ಎಸ್ ಕೂಡ ಇದೇ ಘೋಷ–ಅಘೋಷದ ಲೆಕ್ಕ. ಕಪ್ಸ್ ಎನ್ನುವಾಗ ಸ್, ಬೀನ್ಜ಼್ ಎನ್ನುವಾಗ ಜ಼್. ಅಕ್ಷರ ಎಸ್ ಎಂದೇ ಇರುವುದರಿಂದ ಜ಼್ ಇದೆ ಎಂಬುದೇ ನಮಗೆ ಹೊಳೆಯುವುದಿಲ್ಲ.

ಕಾಟೇಜ್ ಅಲ್ಲ, ಕಾಟಿಜ್

ಇಂಗ್ಲಿಷಿನಲ್ಲಿ ಸ್ಟ್ರೆಸ್ (ಒಂದು ಸಿಲಬಲನ್ನು ಉಳಿದವಕ್ಕಿಂತ ಬಲವಾಗಿ ಹೇಳುವುದು) ಬೀಳದ ಸಿಲಬಲ್ಲಿನ ಸ್ವರ ಕುಗ್ಗುತ್ತದೆ, ಆದರೆ ಬರಹದಲ್ಲಿ ಅದು ಪೂರ್ಣವಾಗಿಯೇ ಕಾಣುತ್ತದೆ. ಹೋಂಸ್ಟೇ ಬೋರ್ಡುಗಳಲ್ಲಿ ಕಾಣುವ ‘ಕಾಟೇಜ್’ ಇಂಗ್ಲಿಷಿನಲ್ಲಿ ಕಾಟಿಜ್. ವಿಲಿಜ್, ಮೆಸಿಜ್, ಡ್ಯಾಮಿಜ್ ಕೂಡ ಹಾಗೆಯೇ. ಮೌಂಟೇನ್ ಅಲ್ಲ, ಮೌಂಟಿನ್. ಪರ್ಚೇಸ್ ಅಲ್ಲ, ಪರ್ಚಸ್. ‘ವೆಜಿಟೇಬಲ್’ ಎನ್ನುವಾಗ ನಮ್ಮ ಕಣ್ಣು ಕೊನೆಯಲ್ಲಿ ‘ಟೇಬಲ್’ ಕಂಡುಕೊಂಡಿರುತ್ತದೆ, ಉಚ್ಚಾರ ವೆಜ್‌ಟಬಲ್. ಎ-ಟಿ-ಇ ಎಂದು ಮುಗಿಯುವವುಗಳಲ್ಲಿ ಕ್ರಿಯಾಪದವಾದರೆ ‘ಏಟ್’, ನಾಮಪದ ಅಥವಾ ವಿಶೇಷಣವಾದರೆ ಸಾಮಾನ್ಯವಾಗಿ ‘ಅಟ್’: ಕ್ಲೈಮಟ್, ಪ್ರೈವಟ್. ಆದರೆ ಎಸ್ಟೇಟ್ ‘ಏಟ್’ ಉಳಿಸಿಕೊಂಡಿದೆ, ಯಾಕೆಂದರೆ ಸ್ಟ್ರೆಸ್ ಅಲ್ಲೇ ಬೀಳುತ್ತದೆ.

ಕುಗ್ಗಿದ ಈ ಸ್ವರಗಳಲ್ಲಿ ಮುಖ್ಯವಾದದ್ದು ಶ್ವಾ, ಅಂದರೆ ಬಾಯಿ ಸಡಿಲ ಬಿಟ್ಟು ಮೊಟಕಾಗಿ ಹೇಳುವ ‘ಅ’ದಂಥ ಸ್ವರ. ನಿಘಂಟಿನಲ್ಲಿ ಇಂಗ್ಲಿಷಿನ ಚಿಕ್ಕ ಇ ಅಕ್ಷರವನ್ನು ತಲೆಕೆಳಗು ಮಾಡಿದಂತೆ ಅಚ್ಚಾಗಿರುತ್ತದೆ. ಕನ್ನಡ ಲಿಪಿಯಲ್ಲಿ ಇದಕ್ಕೆ ಚಿಹ್ನೆಯಿಲ್ಲ. ಆದರೆ ಕೊಡಗಿನ ತರಗತಿಯಲ್ಲಿ ಇದು ಎಲ್ಲರಿಗೂ ಹೊಸದಲ್ಲ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಅ–ಇ–ಉ–ಎ–ಒ ಅಲ್ಲದ, ನಾಲಿಗೆಯ ನಡುಭಾಗದಿಂದ ತುಟಿ ದುಂಡಾಗಿಸದೆ ಹುಟ್ಟುವ ಸ್ವರಗಳಿವೆ. ‘ತಕ್ಕ್’ ಎಂದು ಅರ್ಧಾಕ್ಷರದಲ್ಲಿ ಬರೆದರೂ ಕೊನೆಯಲ್ಲಿ ಒಂದು ಮೊಟಕು ಸ್ವರ ಕೇಳುತ್ತದಲ್ಲ, ಅಂಥದ್ದು. ಭಾಷಾವಿಜ್ಞಾನಿ ಎಂ.ಬಿ. ಎಮಿನೋ 1970ರಲ್ಲಿ ಈ ಸ್ವರಗಳ ಬಗ್ಗೆಯೇ ಲೇಖನ ಬರೆದಿದ್ದಾರೆ. ಮಲಯಾಳಂ ಮತ್ತು ತುಳು ಪದಗಳ ಕೊನೆಯ ಅರೆ-ಉಕಾರವೂ ಇದಕ್ಕೆ ಹತ್ತಿರದ ನೆಂಟ. ಇವೆಲ್ಲ ಶ್ವಾಗೆ ತದ್ರೂಪವಲ್ಲ; ಆದರೂ ಮನೆಯಲ್ಲಿ ಈ ಭಾಷೆ ಆಡುವವರಿಗೆ ಶ್ವಾ ಹಿಡಿಯುವುದು ಬರೀ ಕನ್ನಡ ಬಲ್ಲವರಿಗಿಂತ ಸುಲಭವಾಗಬೇಕು. ಅಡ್ಡಿ ಆಗುವುದು ಪುಸ್ತಕ ಎದುರಿಗಿಟ್ಟಾಗ.

ಅರೇಬಿಕಾ, ರೋಬಸ್ಟಾ ಎರಡರ ಕೊನೆಯ ಸ್ವರವೂ ಇಂಗ್ಲಿಷಿನಲ್ಲಿ ಶ್ವಾ, ಸ್ಟ್ರೆಸ್ ಎರಡನೆಯ ಸಿಲಬಲ್ ಮೇಲೆ. ಕನ್ನಡದಲ್ಲಿ ಮಾತಾಡುವಾಗ ಅರೇಬಿಕಾ ಎಂದೇ ಹೇಳಿ, ಅಲ್ಲಿ ಇಂಗ್ಲಿಷ್ ಉಚ್ಚಾರ ತೋರಿಸುವುದು ಬರೀ ಠೀವಿ.

ಎಚ್ ಕಂಡರೆ ಮಹಾಪ್ರಾಣ

ದಿನದ ಮಾತಿನಲ್ಲಿ ಮಹಾಪ್ರಾಣವನ್ನು ಬಹುಪಾಲು ಬಿಟ್ಟೇ ಬಿಡುವ ನಾವು, ಇಂಗ್ಲಿಷಿನಲ್ಲಿ ಜಿ-ಎಚ್ ಕಂಡ ಕೂಡಲೇ ‘ಘೋಸ್ಟ್’ ಎನ್ನುತ್ತೇವೆ! ಅಲ್ಲಿರುವುದು ಬರೀ ಗಕಾರ. ಡಬ್ಲ್ಯು-ಎಚ್ ಕಂಡರೆ ‘ವ್ಹಾಟ್’, ಟಿ-ಎಚ್ ಕಂಡರೆ ‘ಥ್ಯಾಂಕ್ಸ್’. ಭಾರತೀಯ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಎಚ್ ಎಂದರೆ ಸಾಮಾನ್ಯವಾಗಿ ಮಹಾಪ್ರಾಣ ಎಂಬ ಒಪ್ಪಂದ ನಮ್ಮಲ್ಲಿದೆ, ಅದನ್ನೇ ಇಲ್ಲಿಗೂ ಎಳೆದು ತಂದಿದ್ದೇವೆ.

ಸ್ಪೆಲ್ಲಿಂಗ್ ಸಹಾಯಕ್ಕೆ ಬರುವ ಜಾಗವೂ ಒಂದಿದೆ. ವಿ ಮತ್ತು ಡಬ್ಲ್ಯು ಎರಡಕ್ಕೂ ನಮ್ಮಲ್ಲಿ ಒಂದೇ ವಕಾರ, ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ. ಇಲ್ಲಿ ಅಕ್ಷರವನ್ನು ನಂಬಿ: ವಿ ಇದ್ದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ, ಡಬ್ಲ್ಯು ಇದ್ದರೆ ಹಲ್ಲು ತಾಗದೆ ತುಟಿ ದುಂಡಾಗಲಿ.

ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಳ್ಳುವ ಅಭ್ಯಾಸ

ಇದನ್ನು ಬಿಡಿ ಎನ್ನುವ ಶಿಕ್ಷಕರಿದ್ದಾರೆ. ಬಿಡಬೇಕಿಲ್ಲ, ಕ್ರಮ ಬದಲಿಸಿದರೆ ಸಾಕು. ಸಾಮಾನ್ಯವಾಗಿ ನಾವು ಸ್ಪೆಲ್ಲಿಂಗ್ ನೋಡಿ ಕನ್ನಡದಲ್ಲಿ ಬರೆಯುತ್ತೇವೆ, ತಪ್ಪು ಅಲ್ಲೇ ಗಟ್ಟಿಯಾಗುತ್ತದೆ. ಬದಲಿಗೆ ದಿನಕ್ಕೆ ಹತ್ತು ಪದ ಆರಿಸಿ, ಜತೆಗಾರರೊಬ್ಬರು ಮೊಬೈಲಿನ ನಿಘಂಟಿನಲ್ಲಿ ಆಡಿಯೊ ಹಾಕಲಿ, ನೀವು ಪರದೆ ನೋಡಬೇಡಿ. ಮೂರು ಸಲ ಕೇಳಿ, ಹೇಳಿ, ಕೇಳಿದ್ದನ್ನಷ್ಟೇ ಕನ್ನಡದಲ್ಲಿ ಬರೆಯಿರಿ. ಸ್ಟ್ರೆಸ್ ಬಿದ್ದ ಸಿಲಬಲ್ಲಿಗೆ ಅಡಿಗೆರೆ, ಶ್ವಾ ಇದ್ದ ಕಡೆ ಚುಕ್ಕೆ, ಜ಼ ಮತ್ತು ಫ಼ಗೆ ನುಕ್ತೆ (ಅಕ್ಷರದ ಅಡಿಯ ಜೋಡಿ ಚುಕ್ಕೆ). ಆಮೇಲಷ್ಟೇ ಸ್ಪೆಲ್ಲಿಂಗ್ ನೋಡಿ ಪಕ್ಕದಲ್ಲಿ ಬರೆದು, ಕೇಳದೇ ಹೋದ ಅಕ್ಷರಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ. ಮಾರನೆಯ ದಿನ ಅದೇ ಹತ್ತನ್ನು ಎರಡು ಬಗೆಯಲ್ಲಿ ರೆಕಾರ್ಡ್ ಮಾಡಿ: ಒಮ್ಮೆ ಸ್ಪೆಲ್ಲಿಂಗ್ ನೋಡಿ ಓದಿ, ಒಮ್ಮೆ ಬರೀ ಕೇಳಿ ಹೇಳಿ. ಎರಡೂ ಒಂದೇ ತರಹ ಇದ್ದರೆ ಆ ಪದ ಮುಗಿಯಿತು. ಕೇಳಿ ಹೇಳಿದ್ದು ಸರಿಯಿದ್ದು ಓದಿದ್ದು ತಪ್ಪಿದ್ದರೆ ತೊಡಕು ನಾಲಿಗೆಯದಲ್ಲ, ಅದನ್ನು ಮತ್ತೆ ಪಟ್ಟಿಗೆ ಹಾಕಿ. ಎರಡೂ ತಪ್ಪಿದ್ದರೆ ಆ ಧ್ವನಿಯೇ ಬಂದಿಲ್ಲ, ಅದಕ್ಕೆ ಬೇರೆ ಅಭ್ಯಾಸ ಬೇಕು.

ತಿದ್ದುವ ಭರದಲ್ಲಿ ಕಾರ್, ಫಾರ್ಮ್, ಡಾಕ್ಟರ್ ಪದಗಳ ರಕಾರ ತೆಗೆಯಲು ಹೋಗಬೇಡಿ. ಲಂಡನ್ನಿನ ಕಡೆ ಅದು ಕೇಳದಿದ್ದರೂ ಸ್ಕಾಟ್‌ಲೆಂಡ್, ಐರ್ಲೆಂಡ್, ಅಮೆರಿಕದ ಬಹುಭಾಗದಲ್ಲಿ ಕೇಳುತ್ತದೆ. ಮೊದಲ ತಿಂಗಳು ಇ-ಡಿ ಮತ್ತು ಜೋಡಿ ಅಕ್ಷರಗಳಿಗೇ ಮೀಸಲಿಡಿ, ಶ್ವಾ ಆಮೇಲೆ.