ನೆಲ ಎಲ್ಲರದು, ಹಕ್ಕಿ ರಾಜ್ಯದ್ದು: ಅಮೆರಿಕದ ವಸಂತಕಾಲದ ಟರ್ಕಿ ಬೇಟೆಯ ಹಿನ್ನೆಲೆ

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಪ್ರತಿ ವರ್ಷ ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ಕಾಡು ಟರ್ಕಿ ಕೋಳಿಯ ಬೇಟೆಯ ಹಂಗಾಮು ಶುರುವಾಗುತ್ತದೆ. 2024ರಿಂದ ಈಚೆಗೆ ಅಲ್ಲಿ ಒಂದೇ ಬೇಲಿಯ ಎರಡು ಬದಿಗೆ ಎರಡು ಬೇರೆ ಹೊತ್ತುಗಳು ಅನ್ವಯವಾಗುತ್ತಿವೆ. ಖಾಸಗಿ ಜಮೀನಿನಲ್ಲಿ ಕುಳಿತವನು ಸೂರ್ಯ ಮುಳುಗುವವರೆಗೆ ಬೇಟೆಯಾಡಬಹುದು. ಪಕ್ಕದ ಸಾರ್ವಜನಿಕ ಕಾಡಿನಲ್ಲಿ ಕುಳಿತವನು ಮಧ್ಯಾಹ್ನ 1 ಗಂಟೆಗೆ ಬಂದೂಕು ಖಾಲಿ ಮಾಡಿ ಏಳಬೇಕು. ಬೆಳಗಿನ ಜಾವ ಸಾರ್ವಜನಿಕ ಕಾಡಿನ ಮರದಿಂದಿಳಿದ ಹುಂಜ ಮಧ್ಯಾಹ್ನಕ್ಕೆ ಬೇಲಿ ದಾಟಿ ಜೋಳದ ಹೊಲಕ್ಕೆ ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬೇರೆ ರಾಜ್ಯಗಳಲ್ಲಿ ವ್ಯತ್ಯಾಸ ಬೇರೆ ಬಗೆಯದು: ಕೆಲವೆಡೆ ಸಾರ್ವಜನಿಕ ನೆಲದಲ್ಲಿ ಹಂಗಾಮೇ ಒಂದು ವಾರ ತಡ, ಕೆಲವೆಡೆ ಹೊರರಾಜ್ಯದವರು ಚೀಟಿಯಲ್ಲಿ ಹೆಸರು ಬಂದರಷ್ಟೇ ಒಳಗೆ ಕಾಲಿಡಬಹುದು. ಈ ನಿಯಮಗಳನ್ನು ಬಿಡಿಬಿಡಿಯಾಗಿ ಓದಿದರೆ ಒಂದಕ್ಕೊಂದು ಹೊಂದುವುದಿಲ್ಲ; ಅವು ಹುಟ್ಟಿದ ದಾರಿಯನ್ನು ಹಿಂದಕ್ಕೆ ನಡೆದು ನೋಡಬೇಕಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಬೇಟೆಯೆಂದರೆ ಬಹುಮಟ್ಟಿಗೆ ಅಪರಾಧವೇ. ಅಮೆರಿಕದಲ್ಲಿ ಅದು ಸರ್ಕಾರವೇ ಲೆಕ್ಕವಿಟ್ಟು, ಲೈಸೆನ್ಸು ಮಾರಿ, ಇಂತಿಷ್ಟು ದಿನ, ಇಂತಿಷ್ಟು ಹಕ್ಕಿ ಎಂದು ಗೊತ್ತುಮಾಡಿ ನಡೆಸುವ ವ್ಯವಹಾರ. ಬೇಟೆಗೆ ತೆರೆದಿರುವ ಸಾರ್ವಜನಿಕ ನೆಲದಲ್ಲಿ ಎರಡು ಬಗೆಯಿದೆ. ಒಂದು, ಒಕ್ಕೂಟ ಸರ್ಕಾರದ ನೆಲ; ಅದರಲ್ಲಿ ರಾಷ್ಟ್ರೀಯ ಅರಣ್ಯಗಳೇ ಸುಮಾರು 19.3 ಕೋಟಿ ಎಕರೆಯಷ್ಟಿವೆ. ಇನ್ನೊಂದು, ರಾಜ್ಯಗಳ ವನ್ಯಜೀವಿ ಇಲಾಖೆಗಳು ಕೊಂಡೋ ಗುತ್ತಿಗೆಗೆ ಪಡೆದೋ ನಡೆಸುವ ಪ್ರದೇಶಗಳು. ಪಶ್ಚಿಮದ ರಾಜ್ಯಗಳಲ್ಲಿ ಒಕ್ಕೂಟದ ನೆಲ ಧಾರಾಳವಾಗಿದೆ. ಟರ್ಕಿಯ ಮೂಲ ಬೀಡಾದ ಪೂರ್ವ ಮತ್ತು ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಿನ ಭೂಮಿ ಖಾಸಗಿಯವರದು. ಸ್ವಂತ ಜಮೀನಾಗಲಿ, ಜಮೀನಿರುವ ನೆಂಟರಾಗಲಿ ಇಲ್ಲದವರಿಗೆ ಅಲ್ಲಿ ಸಾರ್ವಜನಿಕ ಕಾಡೊಂದೇ ಗತಿ.

ಈ ಹಕ್ಕಿಯ ಹೆಸರಿನ ಗೋಜಲು ಬೇಟೆಯ ನಿಯಮಗಳಿಗಿಂತ ಹಳೆಯದು. ಮೆಕ್ಸಿಕೋದ ಮೂಲನಿವಾಸಿಗಳು ಸಾಕಿ ಪಳಗಿಸಿದ್ದ ಇದನ್ನು ಸ್ಪ್ಯಾನಿಷರು 16ನೇ ಶತಮಾನದಲ್ಲಿ ಯೂರೋಪಿಗೆ ಒಯ್ದರು. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರೆ, ಫ್ರೆಂಚರು ‘ಇಂಡಿಯಾದ್ದು’ ಎಂಬರ್ಥದ ಹೆಸರಿಟ್ಟರು. ಡಚ್ಚರ ‘ಕಾಲ್ಕೂನ್’ ಎಂಬ ಪದದೊಳಗೆ ಅಡಗಿರುವುದು ನಮ್ಮ ನೆರೆಯ ಕಲ್ಲಿಕೋಟೆ. 1612ರಲ್ಲಿ ಗೋವೆಯಿಂದ ಮೊಘಲ್ ದರ್ಬಾರಿಗೆ ಬಂದ ಟರ್ಕಿ ಹುಂಜವೊಂದನ್ನು ಕಂಡು ಬೆರಗಾದ ಜಹಾಂಗೀರ ಅದರ ಚಿತ್ರ ಬರೆಸಿದ. ಉಸ್ತಾದ್ ಮನ್ಸೂರ್ ಬರೆದ ಆ ಚಿತ್ರ ಇಂದಿಗೂ ಉಳಿದಿದೆ.

ಅದರ ತವರಿನಲ್ಲಾದರೋ ಮುಂದಿನ ಮುನ್ನೂರು ವರ್ಷ ಕಾಡು ಕಡಿದು, ಹಕ್ಕಿಯನ್ನು ಸಂತೆಗೆ ಕೊಂದು ಮಾರಿ ಮುಗಿಸಿದ ಕಾಲ. ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಯ ಕಾಡು ಟರ್ಕಿ 1851ರಲ್ಲಿ, ವಿಸ್ಕಾನ್ಸಿನ್‌ನಲ್ಲಿ 1881ರಲ್ಲಿ ಕಣ್ಮರೆಯಾಯಿತು. ಅಕ್ರಮವಾಗಿ ಕೊಂದ ಪ್ರಾಣಿಗಳ ಅಂತರರಾಜ್ಯ ಮಾರಾಟವನ್ನು ನಿಷೇಧಿಸಿದ ಲೇಸಿ ಕಾಯ್ದೆ 1900ರಲ್ಲಿ ಬಂದಾಗ ಮಾರಲು ಉಳಿದಿದ್ದದ್ದೇ ಕಡಿಮೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಮುಂದೆ ಕೋಟ್ಯಂತರ ಚೆಸ್ಟ್‌ನಟ್ ಮರಗಳನ್ನು ಒಣಗಿಸಿ, ಈ ಹಕ್ಕಿಯ ಚಳಿಗಾಲದ ಮೇವನ್ನೂ ಕಿತ್ತುಕೊಂಡಿತು. 1930ರ ದಶಕದಲ್ಲಿ ದೇಶದಲ್ಲಿ ಉಳಿದಿದ್ದ ಕಾಡು ಟರ್ಕಿಗಳ ಬಗ್ಗೆ 30 ಸಾವಿರದಿಂದ 2 ಲಕ್ಷದವರೆಗೆ ಬೇರೆ ಬೇರೆ ಅಂದಾಜುಗಳಿವೆ. ಯಾವುದನ್ನು ಒಪ್ಪಿದರೂ ಅಷ್ಟು ದೊಡ್ಡ ದೇಶಕ್ಕೆ ಅದು ಹಿಡಿ ಕಾಳು.

ಇಲ್ಲಿಂದ ಮುಂದಿನ ಮೂವತ್ತು ವರ್ಷಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಂದಿನ ಜಗಳದಲ್ಲಿ ಜನ ಮರೆತಿರುವುದು ಅದನ್ನೇ.

ಮೊದಲನೆಯದು ನೆಲದ ವಿಷಯ. 1911ರ ವೀಕ್ಸ್ ಕಾಯ್ದೆ ಪೂರ್ವದ ರಾಜ್ಯಗಳಲ್ಲಿ ಕಾಡಿಗಾಗಿ ಭೂಮಿ ಕೊಳ್ಳಲು ಒಕ್ಕೂಟ ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಮರ ಕಡಿದು ಬೋಳಾದ ಗುಡ್ಡಗಳು, ಮಹಾ ಆರ್ಥಿಕ ಕುಸಿತದಲ್ಲಿ ಸಾಗುವಳಿದಾರರು ಬಿಟ್ಟುಹೋದ ಹೊಲಗಳು, ಒಟ್ಟಿನಲ್ಲಿ ಯಾರಿಗೂ ಬೇಡವಾದ ಭೂಮಿ ಹೀಗೆ ಸಾರ್ವಜನಿಕವಾಯಿತು. ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಅರಣ್ಯ 1936ರಲ್ಲಿ, ಮಿಸೌರಿಯ ಮಾರ್ಕ್ ಟ್ವೇನ್ ಅರಣ್ಯ 1939ರಲ್ಲಿ ಹುಟ್ಟಿದ್ದು ಇದೇ ದಾರಿಯಲ್ಲಿ. ಓಕ್ ಮರಗಳು ಮತ್ತೆ ಚಿಗುರಿ ಕಾಯಿ ಉದುರಿಸುವ ವಯಸ್ಸಿಗೆ ಬಂದಾಗ ಟರ್ಕಿಗೆ ಬೇಕಾದ ಮನೆ ಸಿದ್ಧವಾಗಿತ್ತು, ಹಕ್ಕಿ ಮಾತ್ರ ಇರಲಿಲ್ಲ.

ಎರಡನೆಯದು ಹಣದ ವಿಷಯ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. ಯೋಜನೆಯ ವೆಚ್ಚದ ನಾಲ್ಕರಲ್ಲಿ ಮೂರು ಪಾಲನ್ನು ಈ ನಿಧಿ ಕೊಟ್ಟರೆ ಉಳಿದ ಒಂದು ಪಾಲನ್ನು ರಾಜ್ಯ ಭರಿಸಬೇಕು. ಜೊತೆಗೆ, ಬೇಟೆ ಲೈಸೆನ್ಸಿನಿಂದ ಬಂದ ಹಣವನ್ನು ರಾಜ್ಯ ಬೇರೆ ಕೆಲಸಕ್ಕೆ ತಿರುಗಿಸಕೂಡದು. ಈ ಏರ್ಪಾಡು ವನ್ಯಜೀವಿ ಇಲಾಖೆಗಳನ್ನು ಬದುಕಿಸಿತು. ಲೈಸೆನ್ಸು ಮಾರಾಟವಾದಷ್ಟೂ ಇಲಾಖೆ ಬದುಕುತ್ತದೆ ಎಂಬ ನಂಟನ್ನೂ ಅದೇ ಕಟ್ಟಿತು.

ಮೂರನೆಯದು ಹಕ್ಕಿಯದೇ ವಿಷಯ. ಇಲಾಖೆಗಳು ಮೊದಲು ಹಿಡಿದದ್ದು ಸುಲಭದ ದಾರಿ: ಕಾಡು ರಕ್ತ ಬೆರೆತ ಟರ್ಕಿಗಳನ್ನು ಪಂಜರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬೆಳೆಸಿ ಕಾಡಿಗೆ ಬಿಡುವುದು. ವರ್ಷಗಟ್ಟಲೆ ಬಿಟ್ಟರು, ಹಣ ಸುರಿದರು, ಹಕ್ಕಿಗಳು ಉಳಿಯಲಿಲ್ಲ. ತಾಯಿಯ ಹಿಂದೆ ಓಡಾಡಿ ಕಲಿಯದ ಮರಿಗೆ ಗಿಡುಗ ಯಾವುದು, ನರಿ ಯಾವುದು ಎಂಬುದು ತಿಳಿಯುವುದಿಲ್ಲ. ಮನುಷ್ಯನ ಕೈಯಿಂದ ಕಾಳು ತಿಂದದ್ದು ಮನುಷ್ಯನನ್ನು ಕಂಡು ಓಡುವುದೂ ಇಲ್ಲ. ಕಾರಣ ಕಲಿಕೆಯಲ್ಲಿ ಮಾತ್ರವಲ್ಲ, ಹುಟ್ಟಿನಲ್ಲೇ ಇದೆ ಎಂದು ಮಿಸೌರಿಯ ಹಕ್ಕಿಗಳನ್ನು ಅಧ್ಯಯನ ಮಾಡಿದ ಸ್ಟಾರ್ಕರ್ ಲಿಯೋಪೋಲ್ಡ್ 1944ರಲ್ಲಿ ತೋರಿಸಿಕೊಟ್ಟರು. ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡರ ಮಗನಾದ ಇವರ ಪ್ರಕಾರ ಕಾಡುತನವೂ ಆನುವಂಶಿಕವೇ. ಸಾಕು ಟರ್ಕಿಯ ರಕ್ತ ಬೆರೆತರೆ ಅದು ಕರಗುತ್ತದೆ.

ಹಾಗಾದರೆ ಉಳಿದಿರುವ ಅಪ್ಪಟ ಕಾಡುಹಕ್ಕಿಗಳನ್ನೇ ಹಿಡಿದು ಹಂಚಬೇಕು. ಆದರೆ ಇಷ್ಟು ಎಚ್ಚರದ ಹಕ್ಕಿಯನ್ನು ಜೀವಂತ ಹಿಡಿಯುವುದು ಹೇಗೆ? ಉತ್ತರ ಬಂದದ್ದು ಬಾತುಗಳನ್ನು ಹಿಡಿಯಲು ರೂಪಿಸಿದ್ದ ಫಿರಂಗಿ ಬಲೆಯಿಂದ. ನೆಲದ ಮೇಲೆ ಬಲೆಯನ್ನು ಮಡಚಿಟ್ಟು ಎಲೆ ಮುಚ್ಚಿ, ಮುಂದೆ ಜೋಳ ಚೆಲ್ಲಿ, ಹಿಂಡು ತಲೆ ತಗ್ಗಿಸಿ ಮೇಯತೊಡಗಿದಾಗ ಮದ್ದು ಸಿಡಿಸಿದರೆ ಬಲೆ ಹಾರಿ ಮೇಲೆ ಬೀಳುತ್ತದೆ. 1951ರಲ್ಲಿ ಫ್ರಾನ್ಸಿಸ್ ಮೇರಿಯನ್ ಅರಣ್ಯದಲ್ಲಿ ಇದರಿಂದ ಟರ್ಕಿ ಹಿಡಿದ ಮೇಲೆ ಮರುಸ್ಥಾಪನೆಯ ವೇಗವೇ ಬದಲಾಯಿತು. ಮಿಸೌರಿ ಇಲಾಖೆ 1945ರಲ್ಲಿ ಕೊಂಡಿದ್ದ ಪೆಕ್ ರ‍್ಯಾಂಚ್ ಎಂಬ ಪ್ರದೇಶ ಆ ರಾಜ್ಯದ ಬೀಜದ ಕಣಜವಾಯಿತು. ಅಲ್ಲಿ ಹೆಚ್ಚಿದ ಹಕ್ಕಿಗಳನ್ನು 1954ರಿಂದ ಜಿಲ್ಲೆ ಜಿಲ್ಲೆಗೆ ಒಯ್ದು ಬಿಟ್ಟರು. ರಾಜ್ಯ ರಾಜ್ಯಗಳ ನಡುವೆ ವಸ್ತುವಿನಿಮಯವೂ ನಡೆಯಿತು: 1976ರಲ್ಲಿ ವಿಸ್ಕಾನ್ಸಿನ್ ತನ್ನ ಗ್ರೌಸ್ ಹಕ್ಕಿಗಳನ್ನು ಕೊಟ್ಟು ಮಿಸೌರಿಯ ಟರ್ಕಿಗಳನ್ನು ಪಡೆಯಿತು. ಸಾರ್ವಜನಿಕ ಕಾಡಿನಲ್ಲಿ, ಸಾರ್ವಜನಿಕ ನಿಧಿಯಿಂದ, ಸರ್ಕಾರಿ ನೌಕರರ ಬಲೆಗೆ ಬಿದ್ದ ಈ ಹಕ್ಕಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಕುಳಿತು ಹೋಗಿ ಇಳಿದ ಜಾಗಗಳಲ್ಲಿ ಖಾಸಗಿ ಜಮೀನುಗಳೂ ಬೇಕಾದಷ್ಟಿದ್ದವು.

ಬೇಟೆ ವಸಂತಕ್ಕೆ ಬಂದದ್ದರ ಹಿಂದಿರುವುದು ಶುದ್ಧ ಲೆಕ್ಕಾಚಾರ. ಟರ್ಕಿ ಹುಂಜ ಹಲವು ಹೇಂಟೆಗಳನ್ನು ಕೂಡುತ್ತದೆ. ಕಾವು ಕೊಡುವುದರಲ್ಲಾಗಲಿ ಮರಿ ಸಾಕುವುದರಲ್ಲಾಗಲಿ ಅದಕ್ಕೆ ಪಾಲಿಲ್ಲ. ನೆಲದ ಮೇಲೆ ಗೂಡು ಮಾಡಿ ಹತ್ತು ಹನ್ನೆರಡು ಮೊಟ್ಟೆಗಳಿಗೆ 28 ದಿನ ಕಾವು ಕೊಡುವವಳು ಹೇಂಟೆ. ಆದ್ದರಿಂದ ಕೂಡುವ ಕೆಲಸ ಬಹುಮಟ್ಟಿಗೆ ಮುಗಿದ ಮೇಲೆ ಹುಂಜಗಳಲ್ಲಿ ಕೆಲವನ್ನು ತೆಗೆದರೆ ಸಂತತಿಗೆ ಹಾನಿಯಿಲ್ಲ ಎಂಬ ನಂಬಿಕೆಯ ಮೇಲೆ ವಸಂತದ ಹಂಗಾಮು ನಿಂತಿತು. ಮಿಸೌರಿಯ ಮೊದಲ ಆಧುನಿಕ ಹಂಗಾಮು 1960ರಲ್ಲಿ, 14 ಕೌಂಟಿಗಳಲ್ಲಿ ಮೂರು ದಿನ ಮಾತ್ರ ನಡೆಯಿತು. ಸಿಕ್ಕಿದ್ದು 94 ಹುಂಜ.

ಈ ಬೇಟೆಯ ಸೊಗಸು ಅದರ ತಿರುಗುಮುರುಗಿನಲ್ಲಿದೆ. ಸ್ವಭಾವಕ್ಕೆ ಅನುಗುಣವಾಗಿ ಹುಂಜ ಕೂಗಿದರೆ ಹೇಂಟೆ ಹುಡುಕಿಕೊಂಡು ಹೋಗಬೇಕು. ಬೇಟೆಗಾರ ಹೇಂಟೆಯ ದನಿ ಹೊರಡಿಸಿ ಹುಂಜವನ್ನೇ ತನ್ನ ಬಳಿಗೆ ನಡೆಸಿಕೊಳ್ಳುತ್ತಾನೆ. ಅದಕ್ಕೆ ಮರದ ಡಬ್ಬಿಯ ಮುಚ್ಚಳ ಉಜ್ಜುವ ಸಾಧನವಿದೆ (ಅರ್ಕಾನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ), ಸ್ಲೇಟಿನ ಮೇಲೆ ಕಡ್ಡಿ ಗೀರುವ ಸಾಧನವಿದೆ, ಬಾಯೊಳಗಿಟ್ಟು ಊದುವ ತೆಳು ಪೊರೆಯಿದೆ. ಎದುರಿಗೆ ದೀಮದ ಬೊಂಬೆ ನೆಟ್ಟು, ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಗಂಟೆಗಟ್ಟಲೆ ಕೂರಬೇಕು. ಹುಂಜದ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳಿರುವುದರಿಂದ ಆ ಬಣ್ಣದ ಬಟ್ಟೆ ತೊಡಬಾರದು. ದನಿ ಕೇಳಿ ಬರುತ್ತಿರುವುದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು. ಎಲ್ಲರೂ ಮೈಗೆ ಹಸಿರು ಸುತ್ತಿ ಹೇಂಟೆಯಂತೆ ಕೂಗುತ್ತ ಕುಳಿತ ಕಾಡು ಕಿಕ್ಕಿರಿದರೆ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಬಿಚ್ಚಿದ ಬಾಲದ ಗರಿಗಳನ್ನು ಮರೆ ಮಾಡಿಕೊಂಡು ಹುಂಜದತ್ತ ತೆವಳುವ ವಿಧಾನವನ್ನು ಕೆಲವು ರಾಜ್ಯಗಳು ಸಾರ್ವಜನಿಕ ನೆಲದಲ್ಲಿ ನಿಷೇಧಿಸಿದ್ದು ಇದೇ ಭಯದಿಂದ.

ಬೇಟೆಗಾರರ ರಾಷ್ಟ್ರೀಯ ಟರ್ಕಿ ಒಕ್ಕೂಟ 1973ರಲ್ಲಿ ಸ್ಥಾಪನೆಯಾದಾಗ ದೇಶದಲ್ಲಿ ಸುಮಾರು 13 ಲಕ್ಷ ಕಾಡು ಟರ್ಕಿಗಳಿದ್ದವು. ಈ ಶತಮಾನದ ಆರಂಭಕ್ಕೆ ಸಂಖ್ಯೆ 70 ಲಕ್ಷದ ಹತ್ತಿರಕ್ಕೆ ಹೋಯಿತು. ಅಲಾಸ್ಕ ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಹಕ್ಕಿ ನೆಲೆಸಿತು. 1960ರಲ್ಲಿ 94 ಹುಂಜ ಕಂಡಿದ್ದ ಮಿಸೌರಿ 2004ರ ವಸಂತದಲ್ಲಿ 60 ಸಾವಿರ ದಾಟಿತು. ಆಮೇಲಿನ ವರ್ಷಗಳಲ್ಲಿ ಏರಿಕೆ ನಿಂತಿತು, ದಕ್ಷಿಣ ಮತ್ತು ಮಧ್ಯದ ಹಲವು ರಾಜ್ಯಗಳಲ್ಲಿ ಇಳಿಕೆ ಶುರುವಾಯಿತು. ಆದರೆ ಬೇಟೆಗೆ ಬರುವವರ ಉತ್ಸಾಹ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ.

ಜಗಳದ ಗಂಟು ಇರುವುದು ಇಲ್ಲೇ. ರಾಷ್ಟ್ರೀಯ ಅರಣ್ಯ ದೇಶದ ಎಲ್ಲ ಪ್ರಜೆಗಳದು. ಅದರಲ್ಲಿ ಮೇಯುವ ಹಕ್ಕಿಯನ್ನು ನಿರ್ವಹಿಸುವ ಅಧಿಕಾರ ಮಾತ್ರ ಆಯಾ ರಾಜ್ಯದ್ದು. ಹೊರರಾಜ್ಯದ ಬೇಟೆಗಾರರಿಗೆ ಹೆಚ್ಚು ಶುಲ್ಕ ವಿಧಿಸುವುದು ತಪ್ಪಲ್ಲ, ಮೋಜಿನ ಬೇಟೆ ಸಂವಿಧಾನ ಕಾಯುವ ಮೂಲಭೂತ ಹಕ್ಕುಗಳಲ್ಲಿ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಮೊಂಟಾನಾದ ಎಲ್ಕ್ ಬೇಟೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಇಂಥ ವ್ಯತ್ಯಾಸ ಮಾಡುವ ರಾಜ್ಯಗಳ ಅಧಿಕಾರವನ್ನು 2005ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನಿನಿಂದಲೇ ಗಟ್ಟಿ ಮಾಡಿತು. ಹೀಗಾಗಿ ಜಾರ್ಜಿಯಾದವನೊಬ್ಬ ನೆಬ್ರಾಸ್ಕದ ಒಕ್ಕೂಟದ ನೆಲದಲ್ಲಿ ಇಡೀ ದಿನ ಅಡ್ಡಾಡಬಹುದು, ಡೇರೆ ಹಾಕಬಹುದು. ಹುಂಜಕ್ಕೆ ಗುರಿಯಿಡಬೇಕಾದರೆ ಮಾತ್ರ ಸ್ಥಳೀಯನಿಗಿಂತ ಹಲವು ಪಟ್ಟು ಹೆಚ್ಚು ಕೊಟ್ಟು ಲೈಸೆನ್ಸು ಪಡೆಯಬೇಕು. ಆ ಹಣ ಇಲಾಖೆಗೂ ಬೇಕು. ದಶಕಗಳ ಕಾಲ ಹೊರಗಿನವರನ್ನು ಸ್ವಾಗತಿಸಿದ ಇಲಾಖೆಗಳೇ ಈಗ ಬಾಗಿಲು ಓರೆ ಮಾಡುತ್ತಿವೆ.

ದಟ್ಟಣೆ ಯಾವುದೋ ಒಂದು ದಿನ ಆದದ್ದಲ್ಲ. ಖಾಸಗಿ ಜಮೀನಿನ ಬೇಟೆಯ ಹಕ್ಕು ಗುತ್ತಿಗೆಗೆ ಹೋಗತೊಡಗಿದಾಗ, ಮೊದಲು ಬಾಗಿಲು ತಟ್ಟಿ ಅನುಮತಿ ಕೇಳುತ್ತಿದ್ದವರು ಸಾರ್ವಜನಿಕ ಕಾಡಿಗೆ ಸರಿದರು. ಮೊಬೈಲಿನಲ್ಲಿ ಸರ್ವೆ ಗಡಿ ತೋರಿಸುವ ಆ್ಯಪ್‌ಗಳು ಬಂದ ಮೇಲೆ ಸ್ಥಳೀಯರಷ್ಟೇ ಬಲ್ಲ ಮೂಲೆಗಳೂ ಎಲ್ಲರಿಗೂ ಕಂಡವು. ಟರ್ಕಿಯ ಉಪಜಾತಿಗಳನ್ನು ಒಂದೊಂದಾಗಿ, ರಾಜ್ಯಗಳನ್ನು ಒಂದೊಂದಾಗಿ ಮುಗಿಸುವ ಪಣ ತೊಟ್ಟವರು ಮಾರ್ಚ್‌ನಲ್ಲಿ ಫ್ಲಾರಿಡಾದಿಂದ ಹೊರಟು ವಸಂತದ ಜೊತೆಗೇ ಉತ್ತರಕ್ಕೆ ಪ್ರಯಾಣ ಮಾಡತೊಡಗಿದರು. ಟಂಗ್‌ಸ್ಟನ್ ಚರೆ ಗುರಿಯ ದೂರವನ್ನು ಹೆಚ್ಚಿಸಿತು. 2020ರ ವಸಂತದಲ್ಲಿ ಸಾಂಕ್ರಾಮಿಕದಿಂದ ಕಚೇರಿಗಳು ಮುಚ್ಚಿ ಕಾಡು ಮಾತ್ರ ತೆರೆದಿದ್ದಾಗ ಜನ ಮುಗಿಬಿದ್ದರು; ಆ ವರ್ಷ ನೆಬ್ರಾಸ್ಕ ಹೊರರಾಜ್ಯದವರಿಗೆ ಲೈಸೆನ್ಸು ಮಾರುವುದನ್ನೇ ನಿಲ್ಲಿಸಬೇಕಾಯಿತು.

ನಿಯಮಗಳು ಬಿಗಿಯಾದದ್ದು ಆಮೇಲೆ. 2022ರಲ್ಲಿ ಅಲಬಾಮಾ ಹಂಗಾಮನ್ನು ತಡ ಮಾಡಿ, ಒಬ್ಬರಿಗೆ ಐದರ ಬದಲು ನಾಲ್ಕೇ ಹುಂಜ ಎಂದಿತು. ಜಾರ್ಜಿಯಾ ಮೂರನ್ನು ಎರಡಕ್ಕಿಳಿಸಿ, ಸಾರ್ವಜನಿಕ ನೆಲವನ್ನು ಖಾಸಗಿಗಿಂತ ಒಂದು ವಾರ ತಡವಾಗಿ ತೆರೆಯಿತು. ಟೆನೆಸಿ 2023ರಲ್ಲಿ ಎರಡು ವಾರ ಮುಂದೂಡಿತು. ನೆಬ್ರಾಸ್ಕ ಹೊರರಾಜ್ಯದವರಿಗೆ 10 ಸಾವಿರ ಲೈಸೆನ್ಸುಗಳ ಮಿತಿ ಹಾಕಿತು, ಕಾನ್ಸಾಸ್ ಚೀಟಿ ಎತ್ತುವ ಪದ್ಧತಿಗೆ ಹೋಯಿತು. ಮಿಸಿಸಿಪ್ಪಿಯ ಚೀಟಿ ಅನ್ವಯಿಸುವುದು ಸಾರ್ವಜನಿಕ ನೆಲದ ಮೊದಲ ಎರಡು ವಾರಗಳಿಗೆ, ಹೊರಗಿನವರಿಗೆ ಮಾತ್ರ. ಪ್ರತಿಯೊಂದು ನಿಯಮಕ್ಕೂ ಅದರದೇ ಸಮರ್ಥನೆ ಇದೆ. ಆದರೆ ಇವನ್ನು ಒಟ್ಟಿಗೆ ಹರಡಿ ನೋಡಿದವರಿಗೆ, ಹಕ್ಕಿ ಮರಳಿ ಬಂದದ್ದು ಯಾವ ನೆಲದಿಂದಲೋ ಆ ನೆಲದಲ್ಲಿ ನಿಲ್ಲುವವರ ಪಾಲೇ ಹೆಚ್ಚು ಕಿರಿದಾಗುತ್ತಿರುವುದು ಕಾಣದೆ ಇರುವುದಿಲ್ಲ.

ವಿಜ್ಞಾನದ ತೀರ್ಮಾನವೂ ಒಂದೇ ದಿಕ್ಕಿನಲ್ಲಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕಲ್ ಚೇಂಬರ್ಲೇನ್ ಮತ್ತು ಸಂಗಡಿಗರ ವಾದದಂತೆ, ಕೂಡುವ ಮೊದಲೇ ಬಲಿಷ್ಠ ಹುಂಜಗಳನ್ನು ಕೊಂದರೆ ಹಿಂಡಿನ ಶ್ರೇಣಿ ಕೆಟ್ಟು ಸಂತಾನ ತಡವಾಗಬಹುದು. ಆದ್ದರಿಂದ ಹಂಗಾಮು ತಡವಾಗಿ ತೆರೆಯುವುದು ಲೇಸು. ಟೆನೆಸಿಯಲ್ಲಿ ಕೆಲವು ಕೌಂಟಿಗಳಲ್ಲಿ ಹಂಗಾಮನ್ನು ಎರಡು ವಾರ ತಡ ಮಾಡಿ ಪಕ್ಕದವುಗಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಗೂಡುಗಳ ಫಲಿತಾಂಶ ಸುಧಾರಿಸಿದ್ದು ಕಾಣಲಿಲ್ಲ. ಮರಿಗಳ ಸಂಖ್ಯೆ ದಶಕಗಳಿಂದ ಇಳಿಯುತ್ತಿದೆ ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಮರಿ ಅಡಗಲು, ಹುಳು ತಿನ್ನಲು ಬೇಕಾದ ಹುಲ್ಲುಗಾವಲು ಹೋಗಿದೆ, ಗೂಡು ಕೀಳುವ ರಕೂನ್‌ಗಳು ಹೆಚ್ಚಿವೆ. ಆದರೆ ಹುಲ್ಲುಗಾವಲನ್ನು ಆದೇಶ ಹೊರಡಿಸಿ ಮರಳಿ ತರಲಾಗದು; ತಾರೀಖನ್ನು ಮುಂದೂಡಬಹುದು.

ಇದರ ನಡುವೆ ಕಾಡಿನಲ್ಲಿಟ್ಟ ಧ್ವನಿಮುದ್ರಣ ಯಂತ್ರಗಳು ಇನ್ನೊಂದು ವಿಷಯವನ್ನು ತಿಳಿಸಿವೆ: ಬೇಟೆ ಶುರುವಾದ ಮೇಲೆ ಹುಂಜಗಳ ಕೂಗು ಇಳಿಯುತ್ತದೆ. ಸತ್ತವು ಕೂಗುವುದಿಲ್ಲ ಎಂಬುದಷ್ಟೇ ಇದರ ಕಾರಣವಲ್ಲ. ಉಳಿದವೂ ಬಾಯಿ ಮುಚ್ಚುತ್ತವೆ. ಆರಂಭದ ದಿನಗಳಲ್ಲೇ ನೂರಾರು ಡಬ್ಬಿಗಳ ಹುಸಿ ಕರೆ ಕೇಳಿದ ಸಾರ್ವಜನಿಕ ಕಾಡಿನ ಹುಂಜ ಮೂರನೆಯ ವಾರದ ಹೊತ್ತಿಗೆ ಮರದಿಂದ ಮೌನವಾಗಿ ಇಳಿದು, ದನಿ ಬಂದ ದಿಕ್ಕನ್ನು ಬಿಟ್ಟು ನಡೆಯುತ್ತದೆ. ಬೆಳಗಿನಿಂದ ಒಂದು ಕೂಗೂ ಕೇಳದೆ 1 ಗಂಟೆಗೆ ವಾಹನದ ಬಳಿಗೆ ಮರಳಿದ ಬೇಟೆಗಾರ, ಇಲಾಖೆಯ ಸಮೀಕ್ಷೆಯಲ್ಲಿ ಹಕ್ಕಿ ಕಡಿಮೆಯಾಗಿದೆ ಎಂದು ಬರೆಯುತ್ತಾನೆ. ಮುಂದಿನ ವರ್ಷದ ನಿಯಮಗಳ ಚರ್ಚೆಗೆ ಇಲಾಖೆಗಳು ಮುಂದಿಟ್ಟುಕೊಳ್ಳುವ ಕಾಗದಗಳಲ್ಲಿ ಆ ಉತ್ತರವೂ ಇರುತ್ತದೆ.