ಎಲ್‌ಎಲ್‌ಆರ್ ಟೆಸ್ಟಿಗೆ ಏನು ಓದಬೇಕು? ಗಾಡಿ ಓಡಿಸೋಕೆ ಬಂದ್ರೆ ಸಾಲದಾ?

ಪ್ರಶ್ನೆ: ಸರ್, ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಟೆಸ್ಟಿಗೆ ಏನೇನು ಓದಿಕೊಳ್ಳಬೇಕು? ನನಗೆ ಗಾಡಿ ಚೆನ್ನಾಗಿಯೇ ಬರುತ್ತೆ. ಸುಮ್ನೆ ಹೋಗಿ ಕೂತ್ರೆ ಪಾಸಾಗಲ್ವಾ?

ಉತ್ತರ: ಈ ಪ್ರಶ್ನೆ ಬರದ ವಾರವಿಲ್ಲ. ಕೇಳುವವರು ಬದಲಾಗುತ್ತಾರೆ, 'ಗಾಡಿ ಚೆನ್ನಾಗಿಯೇ ಬರುತ್ತೆ' ಅನ್ನುವ ಮಾತು ಮಾತ್ರ ಬದಲಾಗುವುದಿಲ್ಲ. ಎಲ್‌ಎಲ್‌ಆರ್ ಕೂಡ ಇಲ್ಲದೆ ಅಷ್ಟು ಚೆನ್ನಾಗಿ ಹೇಗೆ ಬಂತು ಅಂತ ನಾನು ಕೇಳೋಕೆ ಹೋಗುವುದಿಲ್ಲ, ಬಿಡಿ.

ಏನು ಓದಬೇಕು ಅನ್ನುವುದಕ್ಕೆ ಉತ್ತರ ಚಿಕ್ಕದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 11ನೇದು ಈ ಟೆಸ್ಟಿನದ್ದೇ. ರಸ್ತೆ ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮ. ಅಪಘಾತವಾದರೆ ಚಾಲಕ ಮಾಡಬೇಕಾದ್ದು. ಕಾವಲಿಲ್ಲದ ರೈಲ್ವೆ ಗೇಟ್ ದಾಟುವ ರೀತಿ. ಗಾಡಿಯಲ್ಲಿ ಇರಬೇಕಾದ ಕಾಗದಪತ್ರ. ಕೇಳುವುದು ಇಷ್ಟರಲ್ಲೇ. ನೂರಕ್ಕೆ 60ರಷ್ಟು ಸರಿ ಬಂದರೆ ಪಾಸು. 15 ಪ್ರಶ್ನೆ ಇದ್ದರೆ 9 ಸರಿಯಾಗಬೇಕು, ಅಷ್ಟೇ. ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಮಾಕ್ ಟೆಸ್ಟ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಎರಡು ಸಂಜೆ ಕೂತು ಅದನ್ನು ಮಾಡಿ ಸಾಕು.

ಈಗ 'ಗಾಡಿ ಬರುತ್ತೆ, ಓದೋದೇನಿದೆ' ಅನ್ನುವ ಮಾತಿಗೆ ಬರೋಣ. ಇದನ್ನು ಎಷ್ಟು ಸಲ ಹೇಳಿದರೂ ಜನ ಒಪ್ಪುವುದಿಲ್ಲ. ಸ್ಟೀರಿಂಗ್ ಮುಟ್ಟಿಯೇ ನೋಡದ, ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿಯರು ಪಟಪಟ ಉತ್ತರ ಒತ್ತಿ ಎದ್ದು ಬರುತ್ತಾರೆ. ವರ್ಷಗಟ್ಟಲೆ ಊರೆಲ್ಲ ಸ್ಕೂಟರ್ ಸುತ್ತಿಸಿದವರು ಫೇಲಾಗಿ 'ಕಂಪ್ಯೂಟರೇ ಸರಿ ಇಲ್ಲ ಸರ್' ಅನ್ನುತ್ತಾರೆ. ಕಂಪ್ಯೂಟರ್ ಸರಿಯಾಗಿಯೇ ಇದೆ. ಅದು ಕೇಳಿದ್ದು ಕಾನೂನು, ಇವರು ಹೇಳಿದ್ದು ನಮ್ಮ ಬೀದಿಯ ರೂಢಿ.

ಒಂದು ಹಳೇ ಪ್ರಶ್ನೆ ನೋಡಿ. ನೀವು ಕಿರಿದಾದ ಸೇತುವೆ ಹತ್ತಿರ ಬಂದಿದ್ದೀರಿ, ಎದುರಿನಿಂದ ಇನ್ನೊಂದು ಗಾಡಿ ಸೇತುವೆಗೆ ಇಳಿಯುತ್ತಿದೆ. ಏನು ಮಾಡುತ್ತೀರಿ? ವೇಗ ಜಾಸ್ತಿ ಮಾಡಿ ದಾಟಬೇಕಾ, ಹೆಡ್‌ಲೈಟ್ ಹಾಕಿ ನುಗ್ಗಬೇಕಾ, ಆ ಗಾಡಿ ದಾಟುವ ತನಕ ಕಾಯಬೇಕಾ? ನಮ್ಮ ರಸ್ತೆಗಳಲ್ಲಿ ಮೊದಲು ಲೈಟ್ ಹೊಡೆದವನೇ ದೊಡ್ಡಪ್ಪ. ಬಸ್ಸಿನವನು ಲೈಟ್ ಹೊಡೆದರೆ 'ನಾನು ಬರ್ತಿದೀನಿ, ನೀನು ನಿಲ್ಲು' ಅಂತ ಅರ್ಥ ಅನ್ನುವುದು ಮಕ್ಕಳಿಗೂ ಗೊತ್ತು. ಅದಕ್ಕೇ ಅನುಭವಸ್ಥರ ಬೆರಳು ಹೆಡ್‌ಲೈಟ್ ಮೇಲೆ ಹೋಗುತ್ತದೆ. ಸರಿ ಉತ್ತರ ಕಾಯುವುದು.

ಜೀಬ್ರಾ ಪಟ್ಟೆಯ ಹತ್ತಿರ ಜನ ದಾಟಲು ನಿಂತಿದ್ದಾರೆ. ಹಾರ್ನ್ ಮಾಡಿ ಹೋಗಬೇಕಾ? ನಿಧಾನ ಮಾಡಿ, ಹಾರ್ನ್ ಮಾಡಿ ಹೋಗಬೇಕಾ? ನಿಲ್ಲಿಸಿ, ಅವರು ದಾಟಿದ ಮೇಲೆ ಹೋಗಬೇಕಾ? ನಮ್ಮವರಿಗೆ ಎರಡನೆಯದು ಬಹಳ ಇಷ್ಟ, ಸಭ್ಯವಾಗಿ ಕಾಣುತ್ತೆ ಅಲ್ವಾ! ಆದರೆ ನಿಲ್ಲಿಸಲೇಬೇಕು. ಕಣ್ಣು ಕಾಣದವರು ಬಿಳಿ ಕೋಲು ಹಿಡಿದು ದಾಟುತ್ತಿದ್ದರೆ ಆ ಕೋಲನ್ನೇ ನಿಲ್ಲುವ ಸಂಕೇತ ಅಂತ ತಿಳಿಯಬೇಕು. ಇದನ್ನೂ ಕೇಳುತ್ತಾರೆ.

ಕೆಂಪು ದೀಪ ಇದ್ದಾಗ ಎಡಕ್ಕೆ ತಿರುಗುವುದು ಇನ್ನೊಂದು. 'ಲೆಫ್ಟ್ ಯಾವಾಗಲೂ ಫ್ರೀ ಅಲ್ವಾ ಸರ್?' ಅಲ್ಲ. ಎಡಕ್ಕೆ ಹಸಿರು ಬಾಣ ಉರಿಯುತ್ತಿರಬೇಕು, ಇಲ್ಲವೇ ಫ್ರೀ ಲೆಫ್ಟ್ ಅಂತ ಬೋರ್ಡ್ ಇರಬೇಕು. ಎರಡೂ ಇಲ್ಲದಿದ್ದರೆ ಕೆಂಪು ಅಂದರೆ ಎಡಕ್ಕೂ ಕೆಂಪೇ. ಹಿಂದಿನವನು ಹಾರ್ನ್ ಬಾರಿಸುತ್ತಾನೆ ಅಂತ ಕಾನೂನು ಬದಲಾಗುವುದಿಲ್ಲ.

ಘಾಟಿಯಲ್ಲಿ ರಸ್ತೆ ಕಿರಿದಾಗಿದ್ದರೆ ಯಾರು ಮೊದಲು? 'ದೊಡ್ಡ ಗಾಡಿ' ಅನ್ನುತ್ತಾರೆ. ಕಾನೂನಿನ ಪ್ರಕಾರ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು. ಆಗುಂಬೆಯ ತಿರುವಿನಲ್ಲಿ ಲೋಡ್ ಲಾರಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಎಷ್ಟು ಕಷ್ಟ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಗ್ನಲ್ಲೂ ಪೊಲೀಸರೂ ಇಲ್ಲದ ಸರ್ಕಲ್‌ನಲ್ಲಿ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಇದು ಗೊತ್ತಿದ್ದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಕಾವಲಿಲ್ಲದ ರೈಲ್ವೆ ಗೇಟಿನದ್ದು ಇನ್ನೂ ಮಜಾ. ನಿಧಾನ ಮಾಡಿ, ಎರಡೂ ಕಡೆ ನೋಡಿ ಹೋದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹಾಗೆ ಹೇಳುವುದಿಲ್ಲ. ಗಾಡಿ ನಿಲ್ಲಿಸಿ ಕಂಡಕ್ಟರ್ ಅಥವಾ ಕ್ಲೀನರ್ ಇಳಿದು ಹಳಿಯ ತನಕ ನಡೆದು ನೋಡಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಬ್ರಾಡ್‌ಗೇಜ್ ಹಳಿಗಳಲ್ಲಿ ಅಂಥ ಗೇಟುಗಳನ್ನು 2019ರ ಹೊತ್ತಿಗೇ ತೆಗೆದುಹಾಕಿದ್ದಾರೆ. ಗೇಟು ಹೋದರೂ ಸಿಲೆಬಸ್ಸು ಹೋಗಿಲ್ಲ.

ಚಿಹ್ನೆಗಳ ವಿಷಯ ಬೇಗ ಮುಗಿಸುತ್ತೇನೆ, ಬಣ್ಣ ಆಕಾರ ಹಿಡಿದರೆ ಮುಕ್ಕಾಲು ಕೆಲಸ ಆಯಿತು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ದುಂಡಗಿನದು ಆಜ್ಞೆ, ನೀಲಿ ಚೌಕ ಮಾಹಿತಿ. ಜನ ಸಾಮಾನ್ಯವಾಗಿ ಎಡವುವುದು ನೀಲಿ ವೃತ್ತದಲ್ಲಿ. ಕೆಂಪು ಅಂಚಿಲ್ಲದ ನೀಲಿ ವೃತ್ತದಲ್ಲಿ ಬಾಣ ಇದ್ದರೆ 'ಆ ಕಡೆಗೇ ಹೋಗು' ಅಂತ, ಹೋಗಬಹುದು ಅಂತಲ್ಲ. ನೀಲಿ ವೃತ್ತಕ್ಕೆ ಕೆಂಪು ಅಂಚಿದ್ದು ಒಳಗೆ ಒಂದೇ ಅಡ್ಡಗೆರೆ ಇದ್ದರೆ ನೋ ಪಾರ್ಕಿಂಗ್. ಎರಡು ಗೆರೆ ಕತ್ತರಿಸಿಕೊಂಡಿದ್ದರೆ ಅಲ್ಲಿ ಒಂದು ಕ್ಷಣ ನಿಲ್ಲಿಸುವುದೂ ತಪ್ಪು.

ಅಪಘಾತದ ಪ್ರಶ್ನೆಗೆ: ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, 24 ಗಂಟೆಯೊಳಗೆ ಪೊಲೀಸ್ ಠಾಣೆಗೆ ತಿಳಿಸಬೇಕು. ಕಾಗದಪತ್ರ ಅಂದರೆ ಲೈಸೆನ್ಸ್, ಆರ್‌ಸಿ, ಇನ್ಸೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ.

ಪಾಸಾದ ಮೇಲೆ ಏನು ಅಂತ ನೀವು ಕೇಳಲಿಲ್ಲ. ಯಾರೂ ಕೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಎಲ್‌ಎಲ್‌ಆರ್ ಕೈಗೆ ಬಂದ ಸಂಜೆಯೇ ಹಿಂದೆ ಮುಂದೆ ಎಲ್ ಅಂಟಿಸಿ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ರೌಂಡ್ ಹೊಡೆಯುವವರೇ ಜಾಸ್ತಿ. ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಬೇಕು, ನಿಜ. ಅದರ ಜೊತೆಗೆ ಆ ಬಗೆಯ ಗಾಡಿಯ ಲೈಸೆನ್ಸ್ ಇರುವವರು ಹೇಳಿಕೊಡಲು ಪಕ್ಕದಲ್ಲಿರಬೇಕು, ಅಗತ್ಯ ಬಿದ್ದರೆ ಗಾಡಿ ನಿಲ್ಲಿಸುವ ಹಾಗೆ ಕೂತಿರಬೇಕು. ಬೈಕಿನಲ್ಲಾದರೆ ಹಿಂದೆ ಕೂರಬಹುದಾದವರು ಹೇಳಿಕೊಡುವವರು ಮಾತ್ರ. ಲೈಸೆನ್ಸಿಲ್ಲದ ಗೆಳೆಯನೂ ಇಲ್ಲ, ತರಕಾರಿ ತರಲು ಹೊರಟ ಅಮ್ಮನೂ ಇಲ್ಲ.

ಪೊಲೀಸರು ಹಿಡಿದರೆ ದಂಡ ಕಟ್ಟಿದರಾಯಿತು ಅನ್ನುವ ಧೈರ್ಯವಂತರು ಇನ್ಸೂರೆನ್ಸ್ ಪಾಲಿಸಿ ತೆಗೆದು 'ಡ್ರೈವರ್' ಅಂತಿರುವ ಭಾಗ ಓದಿ. ಎಲ್‌ಎಲ್‌ಆರ್ ಇದ್ದವರೂ ಓಡಿಸಬಹುದು, ಆದರೆ 1989ರ ನಿಯಮಗಳ 3ನೇ ನಿಯಮ ಪಾಲಿಸಿದರೆ ಮಾತ್ರ ಅಂತ ಅಲ್ಲಿ ಬರೆದಿರುತ್ತದೆ. ಎಲ್ ಬೋರ್ಡ್, ಹೇಳಿಕೊಡುವವರು ಅಂತ ಈಗಷ್ಟೇ ಹೇಳಿದ್ದೆಲ್ಲ ಆ 3ನೇ ನಿಯಮವೇ. ಒಬ್ಬರೇ ಹೋಗಿ ಯಾರಿಗಾದರೂ ಗುದ್ದಿದರೆ ಕಂಪನಿಗೆ ತಕರಾರು ತೆಗೆಯಲು ನೀವೇ ಕಾರಣ ಕೊಟ್ಟ ಹಾಗೆ.

ಇನ್ನು, ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ ಅಂದರೆ ಡಿಎಲ್‌ಗೆ (ಪಕ್ಕಾ ಲೈಸೆನ್ಸಿಗೆ) ಆರು ತಿಂಗಳು ಕಾಯಬೇಕು ಅಂತಲ್ಲ. 30 ದಿನ ಕಳೆದ ಮೇಲೆ ಯಾವಾಗ ಬೇಕಾದರೂ ಡಿಎಲ್ ಟೆಸ್ಟ್ ಕೊಡಬಹುದು. ಐದೂವರೆ ತಿಂಗಳು ಸುಮ್ಮನಿದ್ದು, ಕೊನೇ ವಾರದಲ್ಲಿ ಸ್ಲಾಟ್ ಸಿಗ್ತಿಲ್ಲ ಅಂತ ನನಗೆ ಫೋನ್ ಮಾಡಬೇಡಿ.