ಪದ ಪರಿಚಯ: ಸೆಲೆಕ್ಟಿವ್ ಫೋಟೋಥರ್ಮೋಲಿಸಿಸ್

ಕೂಸಿನ ಕೆನ್ನೆಯಲ್ಲಿ ಕೆಂಪು ಮಚ್ಚೆ ಕಂಡರೆ, ಬಸುರಿಯಾಗಿದ್ದಾಗ ತಾಯಿ ಗ್ರಹಣ ನೋಡಿದ್ದಳೇ ಎಂದು ಕೇಳುವ ಹಿರಿಯರು ಮಡಿಕೇರಿಯ ಕಡೆಯೂ ಇದ್ದಾರೆ. ಗ್ರಹಣಕ್ಕೂ ಮಚ್ಚೆಗೂ ಸಂಬಂಧವಿಲ್ಲ, ಆ ಕೆಂಪು ಚರ್ಮದಡಿಯ ರಕ್ತನಾಳಗಳದ್ದು. ಆದರೆ ಅವರದೇ ಇನ್ನೊಂದು ಪ್ರಶ್ನೆ ತೂಕದ್ದು: ‘ಲೇಸರ್‌ನಲ್ಲಿ ಸುಡುತ್ತಾರಂತಲ್ಲ, ಮೇಲಿನ ಚರ್ಮ ಬೇಯುವುದಿಲ್ಲವೇ?’

ಉತ್ತರ ಈ ಉದ್ದನೆಯ ಪದದಲ್ಲೇ ಇದೆ. ಗ್ರೀಕಿನಲ್ಲಿ ಫೋಟೋ ಬೆಳಕು, ಥರ್ಮೋ ಶಾಖ, ಲಿಸಿಸ್ ಒಡೆಯುವಿಕೆ. ಸೆಲೆಕ್ಟಿವ್ ಎಂದರೆ ಆಯ್ದು. 1983ರಲ್ಲಿ ಅಮೆರಿಕದ ಸಂಶೋಧಕರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಬೆಳಕಿನ ಕಾವಿನಿಂದ ಬೇಕಾದ್ದನ್ನಷ್ಟೇ ಆಯ್ದು ಒಡೆಯುವ ಈ ತತ್ತ್ವವನ್ನು ಮಂಡಿಸಿದರು.

ಅರೇಬಿಕಾ ತೋಟದಲ್ಲಿ ಕಾಫಿ ಕೊಯ್ಯುವವರನ್ನು ನೋಡಿ. ಹಸಿರು ಕಾಯಿ, ಕೆಂಪು ಹಣ್ಣು ಒತ್ತೊತ್ತಾಗಿದ್ದರೂ ಬೆರಳು ಹಣ್ಣಿಗೇ ಹೋಗುತ್ತದೆ. ಪಲ್ಸ್‌ಡ್ ಡೈ ಲೇಸರ್‌ನ 595 ನ್ಯಾನೋಮೀಟರ್ ತರಂಗಾಂತರದ ಬೆಳಕೂ ಚರ್ಮ ದಾಟಿ ಕೆಂಪನ್ನೇ ಹುಡುಕುತ್ತದೆ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಅದನ್ನು ಹೀರಿ ಕಾಯುತ್ತದೆ. ಹಿಗ್ಗಿದ ರಕ್ತನಾಳದ ಗೋಡೆ ಆ ಕಾವಿಗೆ ಹಾಳಾಗುತ್ತದೆ. ಬೆಳಕಿನ ಪ್ರತಿ ಮಿಡಿತವೂ ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದ ಶಾಖ ಅಕ್ಕಪಕ್ಕಕ್ಕೆ ಹರಡಲು ಪುರಸೊತ್ತು ಸಿಗುವುದಿಲ್ಲ.

ಕೊಯ್ಯುವವರಿಗಿಲ್ಲದ ತೊಡಕೊಂದು ಈ ಬೆಳಕಿಗಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಇದನ್ನು ಹೀರುತ್ತದೆ. ಹಾಗಾಗಿ ನಮ್ಮಂಥ ಕಂದು ಮೈಬಣ್ಣದವರಿಗೆ ಗುಳ್ಳೆ ಏಳುವ, ಕಪ್ಪು ಅಥವಾ ಬಿಳಿ ಕಲೆ ಉಳಿಯುವ ಅಪಾಯ ಹೆಚ್ಚು. ಚರ್ಮವನ್ನು ತಂಪು ಮಾಡುತ್ತಾ, ಶಕ್ತಿಯನ್ನು ಹದವಾಗಿಟ್ಟು, ತಿಂಗಳುಗಳ ಅವಧಿಯಲ್ಲಿ ಹಲವು ಸಲ ಚಿಕಿತ್ಸೆ ಕೊಡುವುದು ಇದಕ್ಕಾಗಿಯೇ. ಆಮೇಲೆ ಒಂದೆರಡು ವಾರ ಆ ಜಾಗ ನೇರಳೆಗಪ್ಪಾಗಿ ಕಾಣುವುದುಂಟು, ಗಾಬರಿ ಬೇಡ. ಆದರೆ ಬಿಸಿಲಿಗೆ ಮುಖ ಒಡ್ಡಬಾರದು. ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗಿಸುವ ಮನೆಯವರಿಗೆ ಇದೇ ಕಷ್ಟದ ಪಥ್ಯ.

ಕೆಂಪೆಲ್ಲ ಒಂದೇ ಅಲ್ಲ. ಹುಟ್ಟಿನಿಂದಲೇ ಚಪ್ಪಟೆಯಾಗಿದ್ದು ಮಗುವಿನೊಡನೆ ಬೆಳೆಯುವುದು ಪೋರ್ಟ್‌ವೈನ್ ಕಲೆ. ತಾನಾಗಿ ಹೋಗದ ಇದಕ್ಕೇ ಈ ಲೇಸರ್ ಹೆಚ್ಚು ಒಗ್ಗುತ್ತದೆ, ಆದರೂ ಪೂರ್ತಿ ಅಳಿಯುವುದಕ್ಕಿಂತ ಮಸುಕಾಗುವುದೇ ಹೆಚ್ಚು. ಹುಟ್ಟಿದ ಕೆಲವು ವಾರಗಳಲ್ಲಿ ಉಬ್ಬತೊಡಗುವ ರಕ್ತನಾಳಗಳ ಗಂಟು, ಹಿಮಾಂಜಿಯೋಮಾ, ಬಹುಪಾಲು ತಾನೇ ಕುಗ್ಗುತ್ತದೆ. ಚಿಕಿತ್ಸೆ ಬೇಕಾದರೆ, ಅದನ್ನು ಕುಗ್ಗಿಸುವ ಗುಣ 2008ರಲ್ಲಿ ಬೆಳಕಿಗೆ ಬಂದ ಪ್ರೊಪ್ರನೊಲಾಲ್ ಔಷಧವೇ ಈಗ ಮೊದಲ ಆಯ್ಕೆ. ತುಟಿ, ನಾಲಿಗೆಗಳಲ್ಲಿ ಸಿರೆಗಳು ಹಿಗ್ಗಿ ಆದ ನೀಲಿ ಗಂಟಿನ ಆಳಕ್ಕೆ 595ರ ಬೆಳಕು ಇಳಿಯದು, ಅದಕ್ಕೆ ಇನ್ನೂ ಆಳಕ್ಕಿಳಿಯುವ 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರ್ ಬಳಸುತ್ತಾರೆ.

ಹಣೆ, ಮೇಲುರೆಪ್ಪೆಗಳ ಮೇಲೆ ಪೋರ್ಟ್‌ವೈನ್ ಕಲೆಯಿದ್ದರೆ ಮಾತ್ರ ಲೇಸರ್‌ನ ವಿಚಾರ ಆಮೇಲೆ. ಅದು ಮಿದುಳು, ಕಣ್ಣುಗಳ ರಕ್ತನಾಳಗಳನ್ನೂ ಬಾಧಿಸುವ ಸ್ಟರ್ಜ್ ವೆಬರ್ ಸಿಂಡ್ರೋಮ್‌ನ ಗುರುತಾಗಿರಬಹುದು. ಕಣ್ಣಿನ ಒತ್ತಡ ಏರುವ ಗ್ಲಾಕೋಮಾ, ಫಿಟ್ಸ್ ಬರುವ ಸಾಧ್ಯತೆ ಇರುವುದರಿಂದ ಮಗುವನ್ನು ಮೊದಲು ಕಣ್ಣಿನ ವೈದ್ಯರಿಗೂ ನರರೋಗ ತಜ್ಞರಿಗೂ ತೋರಿಸಬೇಕು.